ಮುಗಿಲಿಗೆ ಬಿಟ್ಟ ಗಿಡ

ಮಾರ್ಗಶಿರ ಮಾಸದ ಹುಣ್ಣಿಮೆಯಂದು ಗಾಣಗಾಪುರದಲ್ಲಿ ದತ್ತಜಯಂತಿ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಈ ಕ್ಷೇತ್ರಕ್ಕೆ ಆ ದಿನಗಳಲ್ಲಿ ನಮ್ಮ ನಾಡಿನಿಂದಲೂ ಮಹಾರಾಷ್ಟ್ರದಿಂದಲೂ ಯಾತ್ರಿಕರು ಬಂದು ನೆರೆಯುತ್ತಾರೆ. ಊರಿನಿಂದ ಸುಮಾರು 3 ಕಿಲೋಮೀಟರು ದೂರದಲ್ಲಿ ಭೀಮಾ ಮತ್ತು ಅಮರಜಾ ನದಿಗಳು ಕೂಡುವ ಸಂಗಮವಿದೆ. ಭಕ್ತರು ಪಾರಾಯಣಕ್ಕೆ ಕೂಡುವ ಔದುಂಬರ ವೃಕ್ಷ, ಎಂದರೆ ಅತ್ತಿಯ ಮರ, ಅಲ್ಲಿಯೇ ಇದೆ. ಚಳಿಗಾಲದ ತಿಳಿರಾತ್ರಿಯೊಂದನ್ನು ಅಲ್ಲಿ ಕಳೆದವರನ್ನು ಬೆಳಗಿನಲ್ಲಿ ವಿಚಾರಿಸಿದರೆ ಒಂದು ಸಂಗತಿ ತಿಳಿದುಬರುತ್ತದೆ. ಮರದ ಕೆಳಗೆ ಮಲಗಿದವನ ಹೊದಿಕೆ ಒಣಗಿರುತ್ತದೆ; ಹತ್ತು ಹೆಜ್ಜೆ ಆಚೆ ಬಯಲಿನಲ್ಲಿ ಮಲಗಿದವನ ಹೊದಿಕೆ ತೇವವಾಗಿ, ಅವನು ನಡುಗುತ್ತಿರುತ್ತಾನೆ. ಇಬ್ಬರೂ ಉಸಿರಾಡಿದ ಗಾಳಿ ಒಂದೇ. ಆದರೂ ಇಬ್ಬರಿಗೆ ತಗುಲಿದ ಚಳಿ ಒಂದೇ ಆಗಿರಲಿಲ್ಲ.

ಬಯಲಿನಲ್ಲಿ ಮಲಗಿದವನು ತನ್ನ ನಡುಕಕ್ಕೆ ಚಂದ್ರನನ್ನು ಕಾರಣವೆನ್ನಬಹುದು. ನಮ್ಮ ಹಿರಿಯರು ಚಂದ್ರನಿಗೆ ಹಿಮಕರನೆಂದೂ ಶೀತಾಂಶುವೆಂದೂ ಹೆಸರಿಟ್ಟರು. ಫ್ರಾನ್ಸ್ ದೇಶದ ತೋಟಗಾರರೂ ಹಾಗೆಯೇ, ವಸಂತದ ಎಳೆಯ ಚಿಗುರು ಕಂದಿಹೋಗುವುದು ಚಂದ್ರನ ಬೆಳಕಿನಿಂದ ಎಂದು ನಂಬಿದ್ದರು. ಅಲ್ಲಿಯ ಖಗೋಳಜ್ಞ ಅರಾಗೋ ಈ ನಂಬಿಕೆಯನ್ನು ಪರಿಶೀಲಿಸಿ, ಚಂದ್ರನು ನಿರಪರಾಧಿಯೆಂದು ತೀರ್ಮಾನಿಸಿದನು. ಚಂದ್ರನು ಸ್ಪಷ್ಟವಾಗಿ ಕಾಣಬೇಕಾದರೆ ಆಕಾಶ ನಿರ್ಮಲವಾಗಿರಬೇಕು. ಗಿಡವನ್ನು ಸುಡುವುದು ಆ ನಿರ್ಮಲವಾದ ಆಕಾಶವೇ. ಸ್ಥಳದಲ್ಲಿ ಕಂಡದ್ದರಿಂದ ಚಂದ್ರನ ಮೇಲೆ ಅಪವಾದ ಬಂತು, ಅಷ್ಟೇ.

ಈ ವಿಷಯವನ್ನು ನಾನು ತರಗತಿಯಲ್ಲಿ ಹಲವು ವರ್ಷ ಬೋಧಿಸಿದ್ದೇನೆ. ವಿಕಿರಣದ ನಿಯಮವನ್ನು ಕುರಿತು ಪ್ರಶ್ನೆಪತ್ರಿಕೆಯಲ್ಲಿ ಲೆಕ್ಕಗಳನ್ನೂ ಕೊಟ್ಟಿದ್ದೇನೆ. ಆದರೆ ಅದನ್ನು ಅರಿತುಕೊಂಡದ್ದು ಮಾತ್ರ ಒಂದು ತುಳಸಿಯ ಗಿಡವನ್ನು ಕೆಡಿಸಿಕೊಂಡ ಮೇಲೆ. ಗಾಣಗಾಪುರದ ನಮ್ಮ ಮನೆಯ ಅಂಗಳದಲ್ಲಿ, ಪಡಸಾಲೆಯ ಚಾಚಿನ ಕೆಳಗೆ, ಕುಂಡದಲ್ಲಿ ಒಂದು ತುಳಸಿ ಇತ್ತು. ಚಳಿಗಾಲದಲ್ಲಿ ಅದಕ್ಕೆ ಬಿಸಿಲು ಸಾಲದೆಂದು ನಾನು ಅದನ್ನು ಮಾಳಿಗೆಯ ಮೇಲೆ ಇರಿಸಿದೆ. ಪಕ್ಕದ ಮನೆಯ ಆಯಿ ಇದನ್ನು ಕಂಡು ಕೆಳಗಿನಿಂದಲೇ ಕೂಗಿ ಹೇಳಿದರು: "ತಮ್ಮಾ, ಹಗಲಿ ಬಿಸಲಿಗಿ ಇಡು, ಬ್ಯಾಡ ಅನ್ನಂಗಿಲ್ಲ. ರಾತ್ರಿ ಮುಗಲಿಗಿ ಬಿಡಬ್ಯಾಡ. ಮುಗಲು ಅದರ ಜೀವಾ ಜಗ್ತದ." ಅವರ ಅಂಗಳದ ತುಳಸಿಗೆ ಪ್ರತಿದಿನ ಸಂಜೆ ಹಳೆಯ ಧೋತರದ ತುಂಡೊಂದನ್ನು ಹೊದಿಸುತ್ತಿದ್ದರು. ಬಟ್ಟೆ ಹೊದೆದರೆ ನಮಗೆ ಬೆಚ್ಚಗಾಗುವುದು ನಮ್ಮ ಮೈಯಲ್ಲಿ ಶಾಖ ಹುಟ್ಟುವುದರಿಂದ. ಗಿಡದಲ್ಲಿ ಅಂಥ ಶಾಖವೆಲ್ಲಿದೆ? ತೆಳುವಾದ ಧೋತರ ಚಳಿಯನ್ನೇನು ತಡೆದೀತು? ಹೀಗೆಂದುಕೊಂಡು ನಾನು ಮನಸ್ಸಿನಲ್ಲಿಯೇ ನಕ್ಕೆ. ನಾಲ್ಕು ರಾತ್ರಿ ಕಳೆಯುವುದರೊಳಗೆ ನನ್ನ ತುಳಸಿಯ ಎಲೆಗಳು ಕಪ್ಪಾಗಿ ಸುರುಟಿಕೊಂಡವು. ಆಯಿಯ ತುಳಸಿ ಹಸಿರಾಗಿಯೇ ಇತ್ತು.

ಆ ದಿನಗಳಲ್ಲಿ ನೀರು ಹೆಪ್ಪುಗಟ್ಟುವ ಚಳಿಯೇನೂ ಇರಲಿಲ್ಲ. ಬೀದರ, ಕಲಬುರಗಿ, ವಿಜಯಪುರಗಳ ಬಯಲುಸೀಮೆಯಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಕೆಲವು ರಾತ್ರಿಗಳಲ್ಲಿ ಗಾಳಿಯ ಉಷ್ಣತೆ 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯುವುದುಂಟು, ಸೊನ್ನೆಗೆ ಇಳಿಯುವುದಿಲ್ಲ. ಹಾಗಿದ್ದರೂ ಗಿಡ ಏಕೆ ಕರಿಕಾಯಿತು? ಒಂದು ಬಟ್ಟೆಯ ತುಂಡು ಅದನ್ನು ಹೇಗೆ ಉಳಿಸೀತು?

ನಾನು ನಕ್ಕಂತೆಯೇ ಇನ್ನೂರು ವರ್ಷಗಳ ಹಿಂದೆ ಇನ್ನೊಬ್ಬರು ನಕ್ಕಿದ್ದರೆಂಬುದು ನನಗೆ ತುಸು ಸಮಾಧಾನವನ್ನು ತಂದಿದೆ. ಅವರು ವಿಲಿಯಮ್ ಚಾರ್ಲ್ಸ್ ವೆಲ್ಸ್. 1757ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ ಹುಟ್ಟಿ, ಲಂಡನ್ ನಗರದಲ್ಲಿ ವೈದ್ಯರಾಗಿದ್ದವರು. ತೋಟಗಾರರು ಎಳೆಯ ಗಿಡಗಳಿಗೆ ತೆಳುವಾದ ಚಾಪೆ ಮುಚ್ಚುವುದನ್ನು ಕಂಡು ತಾವು ಅರೆತಿಳುವಳಿಕೆಯ ಗರ್ವದಿಂದ ನಗುತ್ತಿದ್ದುದಾಗಿ ಅವರೇ ಒಪ್ಪಿಕೊಂಡಿದ್ದಾರೆ. ಆಮೇಲೆ ಇಬ್ಬನಿಯ ಹುಟ್ಟನ್ನು ಅರಿಯಬೇಕೆಂದು ರಾತ್ರಿಗಳನ್ನು ಸ್ನೇಹಿತರ ತೋಟದಲ್ಲಿ ಕಳೆದರು. ಉಣ್ಣೆಯ ಸಣ್ಣ ಎಸಳುಗಳನ್ನು ಬೇರೆ ಬೇರೆ ಎಡೆಯಲ್ಲಿಟ್ಟು, ಅವು ಹೀರಿದ ಇಬ್ಬನಿಯನ್ನು ತೂಗಿ ನೋಡಿದರು. ಹುಲ್ಲಿನ ಮೇಲೆಯೂ, ಅದರ ಮೇಲಣ ಗಾಳಿಯಲ್ಲಿಯೂ ಉಷ್ಣಮಾಪಕಗಳನ್ನು ಇರಿಸಿದರು. ತಿಳಿಯಾದ, ಗಾಳಿಯಾಡದ ರಾತ್ರಿಯಲ್ಲಿ ಹುಲ್ಲು ತನ್ನ ಸುತ್ತಣ ಗಾಳಿಗಿಂತಲೂ ತಣ್ಣಗಿರುವುದು ಕಂಡುಬಂತು. ಒಂದು ರಾತ್ರಿ ಹುಲ್ಲಿನಲ್ಲಿ ನಾಲ್ಕು ಕಡ್ಡಿಗಳನ್ನು ನೆಟ್ಟು, ಅವುಗಳ ತುದಿಗೆ ತೆಳುವಾದ ಕರವಸ್ತ್ರವೊಂದನ್ನು ಬಿಗಿದರು. ಬಟ್ಟೆ ಹುಲ್ಲಿಗೆ ತಾಗಿರಲಿಲ್ಲ; ನಾಲ್ಕೂ ಕಡೆಯಿಂದ ಗಾಳಿ ಸರಾಗವಾಗಿ ಬರುತ್ತಿತ್ತು. ಆದರೂ ಅದರ ಕೆಳಗಿನ ಹುಲ್ಲು ಬಯಲಿನ ಹುಲ್ಲಿಗಿಂತ ಬೆಚ್ಚಗಿತ್ತು. ಬಟ್ಟೆ ತಡೆದದ್ದು ಗಾಳಿಯನ್ನಲ್ಲ, ಆಕಾಶವನ್ನು. 1814ರಲ್ಲಿ ಪ್ರಕಟವಾದ ಅವರ ಪ್ರಬಂಧ ಇಂದಿಗೂ ಓದಲು ಯೋಗ್ಯವಾಗಿದೆ.

ಆಕಾಶವನ್ನು ತಡೆಯುವುದೆಂದರೇನು? ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ಅನುಗುಣವಾಗಿ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಸದಾ ಹೊರಸೂಸುತ್ತಿರುತ್ತದೆ. ಹೀಗೆ ಹೊರಟ ಶಕ್ತಿಯು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಂಬುದು ಸ್ಟೀಫನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮ. ರಾತ್ರಿ 12 ಡಿಗ್ರಿಯಲ್ಲಿರುವ ಎಲೆಯೊಂದನ್ನು ಊಹಿಸಿಕೊಳ್ಳೋಣ. ಲೆಕ್ಕ ಮಾಡಿ ನೋಡಿದರೆ, ಒಂದು ಚದರ ಮೀಟರು ವಿಸ್ತಾರದ ಎಲೆಯ ಮೇಲ್ಮೈಯಿಂದ ಆಕಾಶದ ಕಡೆಗೆ ಸುಮಾರು 370 ವ್ಯಾಟ್ ಶಕ್ತಿ ಹೊರಡುತ್ತದೆ. ಇದು ಖರ್ಚು. ಇನ್ನು ಜಮೆಯನ್ನು ನೋಡಬೇಕು. ಮೇಲಿನ ವಾಯುಮಂಡಲದಲ್ಲಿರುವ ನೀರಿನ ಆವಿ, ಇಂಗಾಲದ ಡೈಆಕ್ಸೈಡು ಮುಂತಾದವು ಕೂಡ ಕಿರಣಗಳನ್ನು ಕೆಳಕ್ಕೆ ಕಳುಹಿಸುತ್ತವೆ. ಆದರೆ 8ರಿಂದ 13 ಮೈಕ್ರಾನ್ ತರಂಗಾಂತರಗಳ ನಡುವೆ ವಾಯುಮಂಡಲಕ್ಕೆ ಒಂದು ಕಿಟಕಿ ಇದೆ. ಆ ಕಿರಣಗಳನ್ನು ಅದು ಹೆಚ್ಚಾಗಿ ಹೀರುವುದೂ ಇಲ್ಲ, ಸೂಸುವುದೂ ಇಲ್ಲ. ಆ ದಾರಿಯಿಂದ ಎಲೆಯ ಶಾಖ ನೇರವಾಗಿ ಅಂತರಿಕ್ಷಕ್ಕೆ ಸೋರಿಹೋಗುತ್ತದೆ. ಅದೇ ಉಷ್ಣತೆಯ ತಿಳಿರಾತ್ರಿಯಲ್ಲಿ ಆಕಾಶ ಹಿಂದಿರುಗಿಸುವುದು 280 ವ್ಯಾಟಿನ ಆಸುಪಾಸು. ಉಳಿದ ಸುಮಾರು 90 ವ್ಯಾಟು ನಷ್ಟ. ಆಯಿ ಹೇಳಿದ "ಜಗ್ಗುವುದು" ಇದೇ.

ಒಂದು ಎಲೆಗೆ ಈ ನಷ್ಟ ಎಷ್ಟು ದೊಡ್ಡದು? ಎಲೆಯ ದಪ್ಪ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗವೆಂದೂ, ಅದರಲ್ಲಿರುವುದು ಬಹುಪಾಲು ನೀರೇ ಎಂದೂ ಹಿಡಿಯೋಣ. ಒಂದು ಚದರ ಮೀಟರು ಎಲೆಯ ತೂಕ 200 ಗ್ರಾಮು. ಸುತ್ತಣ ಗಾಳಿಯಿಂದ ಏನೂ ದೊರೆಯದೆ ಹೋದರೆ, ಇಷ್ಟು ತೆಳುವಾದ ವಸ್ತು ಪ್ರತಿ ಹತ್ತು ಸೆಕೆಂಡಿಗೆ ಸುಮಾರು ಒಂದು ಡಿಗ್ರಿಯಂತೆ ತಣ್ಣಗಾಗಬೇಕು! ಹಾಗಾಗದಿರುವುದು ಗಾಳಿಯ ಉಪಕಾರದಿಂದ. ಎಲೆ ತನಗಿಂತ ಬೆಚ್ಚಗಿರುವ ಗಾಳಿಯಿಂದ ಶಾಖವನ್ನು ಸಾಲವಾಗಿ ಪಡೆಯುತ್ತಿರುತ್ತದೆ. ಸಾಲವೂ ಸೋರಿಕೆಯೂ ಸರಿಹೊಂದಿದಾಗ ಅದರ ಉಷ್ಣತೆ ಗಾಳಿಗಿಂತ ಎರಡೋ ನಾಲ್ಕೋ ಡಿಗ್ರಿ ಕೆಳಗೆ ನಿಲ್ಲುತ್ತದೆ. ಆದುದರಿಂದ ಪತ್ರಿಕೆಯಲ್ಲಿ ಕನಿಷ್ಠ ಉಷ್ಣತೆ 9 ಡಿಗ್ರಿ ಎಂದು ಓದಿದ ದಿನ, ಬಯಲಿನಲ್ಲಿದ್ದ ತುಳಸಿಯ ಎಲೆ 5 ಅಥವಾ 6 ಡಿಗ್ರಿಯನ್ನು ಕಂಡಿರಬಹುದು. ಹವಾಮಾನ ಕೇಂದ್ರದ ಉಷ್ಣಮಾಪಕ ನೆರಳಿನ ಪೆಟ್ಟಿಗೆಯಲ್ಲಿ, ಮಾಡಿನ ಕೆಳಗೆ ಇರುತ್ತದೆಂಬುದನ್ನು ವಾಚಕರು ಮರೆಯಬಾರದು. ಅದು ಗಾಳಿಯ ಲೆಕ್ಕ, ಎಲೆಯ ಲೆಕ್ಕವಲ್ಲ.

ಇದರಿಂದ ಮೊದಲ ನೋಟಕ್ಕೆ ವಿಚಿತ್ರವೆನಿಸುವ ಒಂದು ಪರಿಣಾಮ ಹೊರಡುತ್ತದೆ. ಗಾಳಿ ಬೀಸುವ ರಾತ್ರಿ ನಮ್ಮ ಮೈಗೆ ಹೆಚ್ಚು ಚಳಿ, ಗಿಡಕ್ಕೆ ಹಾಗಲ್ಲ. ಬೀಸುಗಾಳಿ ಎಲೆಗೆ ಬೇಗಬೇಗನೆ ಸಾಲ ಕೊಟ್ಟು ಅದನ್ನು ತನ್ನ ಉಷ್ಣತೆಯ ಹತ್ತಿರ ಇರಿಸಿಕೊಳ್ಳುತ್ತದೆ. ಎಲೆಯೂ ಅಲುಗದ, ನಕ್ಷತ್ರಗಳು ಒಡೆದು ಕಾಣುವ ರಾತ್ರಿಯೇ ಅಪಾಯದ ರಾತ್ರಿ. ಮೋಡ ಮುಸುಕಿದ ರಾತ್ರಿಯಲ್ಲಿ ತಗ್ಗಿನ ಮೋಡಗಳು ಆ ಕಿಟಕಿಯನ್ನು ಮುಚ್ಚಿ ಕಿರಣಗಳನ್ನು ಹಿಂದಕ್ಕೆ ಕೊಡುವುದರಿಂದ ಭಯವಿಲ್ಲ. ನಮ್ಮ ಸೀಮೆಯ ಚಳಿಗಾಲದ ಗಾಳಿ ಒಣಗಾಳಿ. ಆವಿ ಕಡಮೆಯಾದಷ್ಟೂ ಆಕಾಶದ ಜಮೆ ಕಡಮೆ. ಇಬ್ಬನಿಯೂ ತಡವಾಗಿ ಬೀಳುತ್ತದೆ, ಕೆಲವೊಮ್ಮೆ ಬೀಳುವುದೇ ಇಲ್ಲ. ಇಬ್ಬನಿಯನ್ನು ಚಳಿಯ ಗೆಳೆಯನೆಂದು ಬಗೆಯುವುದು ತಪ್ಪು. ಒಂದು ಗ್ರಾಮು ಆವಿ ನೀರಾಗುವಾಗ ಸುಮಾರು 2,500 ಜೂಲ್ ಶಾಖವನ್ನು ಬಿಟ್ಟುಕೊಡುತ್ತದೆ. ಎಲೆಯ ಮೇಲೆ ಇಬ್ಬನಿ ಕೂಡತೊಡಗಿದೊಡನೆ ಅದು ತಣಿಯುವ ವೇಗ ತಗ್ಗುತ್ತದೆ. ಕಡಲೆಯ ಹೊಲದಲ್ಲಿ ರಾತ್ರಿ ಬಟ್ಟೆ ಹಾಸಿ, ಬೆಳಗಿನಲ್ಲಿ ಇಬ್ಬನಿಯೊಡನೆ ಇಳಿದ ಹುಳಿಯನ್ನು ಹಿಂಡಿಕೊಳ್ಳುವವರಿಗೆ ಇಬ್ಬನಿ ಯಾವ ರಾತ್ರಿ ಬೀಳುವುದು, ಯಾವ ರಾತ್ರಿ ಬೀಳದೆಂಬುದು ಪುಸ್ತಕವಿಲ್ಲದೆಯೇ ಗೊತ್ತು.

ಹೆಪ್ಪುಗಟ್ಟದ ಚಳಿಯಿಂದ ಗಿಡಕ್ಕೆ ಆಗುವ ಕೇಡು ಯಾವುದು ಎಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ತುಳಸಿ, ಬಾಳೆ, ವೀಳ್ಯದ ಬಳ್ಳಿ, ಟೊಮೆಟೊ, ಬದನೆ ಇವೆಲ್ಲ ಉಷ್ಣವಲಯದ ಸಂತಾನ. ಇವುಗಳ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬಿನ ಅಂಶವು 10, 12 ಡಿಗ್ರಿಗಿಂತ ಕೆಳಗೆ, ಚಳಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ, ಬಿಗಿಯತೊಡಗುತ್ತದೆ. ಪೊರೆ ಸೋರುತ್ತದೆ, ಒಳಗಿನ ರಸ ಹೊರಬಂದು ಎಲೆ ಕಪ್ಪಾಗುತ್ತದೆ. ಇದರ ಜೊತೆಗೆ ಬೇರಿನ ತೊಂದರೆಯೂ ಉಂಟು. 25 ಡಿಗ್ರಿಯ ನೀರಿಗಿಂತ 10 ಡಿಗ್ರಿಯ ನೀರು ಸುಮಾರು ಒಂದೂವರೆ ಪಟ್ಟು ಸ್ನಿಗ್ಧವಾದುದು, ಎಂದರೆ ಅಷ್ಟು ನಿಧಾನವಾಗಿ ಹರಿಯತಕ್ಕದ್ದು. ತಣ್ಣನೆಯ ಮಣ್ಣಿನಲ್ಲಿ ಬೇರು ನೀರನ್ನು ಸಾಕಷ್ಟು ಎತ್ತಲಾರದು. ಬೆಳಗಿನ ಬಿಸಿಲು ಎಲೆಯಿಂದ ನೀರನ್ನು ಎಳೆಯುತ್ತದೆ. ಒದ್ದೆ ಮಣ್ಣಿನಲ್ಲಿಯೇ ಗಿಡ ಬಾಡುತ್ತದೆ. ಇದನ್ನು ಕಂಡು ನೀರು ಸಾಲದೆಂದು ಭಾವಿಸಿ ಮತ್ತಷ್ಟು ಸುರಿಯುವುದು ಹೊಸಬರು ಮಾಡುವ ತಪ್ಪು. ನಮ್ಮ ಎರೆಮಣ್ಣು ನೀರನ್ನು ಬಿಡದೆ ಹಿಡಿದುಕೊಳ್ಳುವಂಥದು. ಅದರಲ್ಲಿ ಬೇರು ಕೊಳೆಯುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಮೆಂತ್ಯ, ಕೊತ್ತಂಬರಿ, ಮೂಲಂಗಿ, ಗಜ್ಜರಿ, ಕೋಸು ಇವುಗಳಿಗೆ ಈ ಚಳಿ ಹಿತವೇ. ಅವಕ್ಕೆ ಯಾವ ಉಪಚಾರವೂ ಬೇಡ.

ಇಲ್ಲಿ ನಮ್ಮ ದೇಶದ ಒಂದು ಶೋಧವನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಸರ್ ಸಿ. ವಿ. ರಾಮನ್ ಅವರ ಶಿಷ್ಯರಾದ ಎಲ್. ಎ. ರಾಮದಾಸ್ ಪುಣೆಯಲ್ಲಿ ಹವಾಮಾನ ಇಲಾಖೆಯ ಕೃಷಿ ವಿಭಾಗವನ್ನು ಕಟ್ಟಿದವರು. ನೆಲದಿಂದ ಮೇಲಕ್ಕೆ ಗಾಳಿಯ ಉಷ್ಣತೆ ರಾತ್ರಿ ಹೇಗೆ ಬದಲಾಗುವುದೆಂದು ಅವರು ಮತ್ತು ಆತ್ಮನಾಥನ್ ಅಳೆದರು. ನೆಲವೇ ಅತ್ಯಂತ ತಣ್ಣಗಿರಬೇಕು, ಮೇಲೇರಿದಂತೆ ಗಾಳಿ ಬೆಚ್ಚಗಾಗಬೇಕು ಎಂದು ಅಂದಿನ ಪಂಡಿತರೆಲ್ಲ ನಂಬಿದ್ದರು. 1932ರಲ್ಲಿ ಇವರು ಪ್ರಕಟಿಸಿದ ಅಳತೆಗಳಲ್ಲಾದರೋ, ಬರಿನೆಲದ ಮೇಲೆ ಅತ್ಯಂತ ತಣ್ಣನೆಯ ಗಾಳಿ ಇದ್ದುದು ನೆಲಕ್ಕೆ ತಾಗಿ ಅಲ್ಲ, ಅದರಿಂದ ಒಂದಡಿಯಷ್ಟು ಮೇಲೆ! ಬಹುಕಾಲ ಇದನ್ನು ಅಳತೆಯ ತಪ್ಪೆಂದು ಅನೇಕರು ತಳ್ಳಿಹಾಕಿದರು. ಬೇರೆ ಬೇರೆ ದೇಶಗಳಲ್ಲಿಯೂ ಅದೇ ಕಂಡುಬಂದ ಮೇಲೆ ಇದಕ್ಕೆ ರಾಮದಾಸ್ ಪದರವೆಂಬ ಹೆಸರು ನಿಂತಿತು. 1990ರ ದಶಕದಲ್ಲಿ ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಅವರ ಸಂಗಡಿಗರು ಇದಕ್ಕೆ ಒಂದು ಗಣಿತಸಿದ್ಧಾಂತವನ್ನು ಕೊಟ್ಟರು. ಆ ಬಳಿಕ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಪ್ರಯೋಗಗಳನ್ನು ನಡೆಸಿ, ನೆಲದ ಬಳಿಯ ಗಾಳಿಯಲ್ಲಿ ತೇಲುವ ಸೂಕ್ಷ್ಮ ಧೂಳಿನ ಕಣಗಳು ಕೂಡ ಆಕಾಶಕ್ಕೆ ಶಾಖ ಸೂಸಿ ಆ ಪದರವನ್ನು ತಣಿಸುತ್ತವೆಂದು ವಾದಿಸಿದ್ದಾರೆ. ಬದನೆ, ಮೆಣಸಿನ ಸಸಿಗಳ ತುದಿ ಇರುವುದು ಸರಿಯಾಗಿ ಅದೇ ಎತ್ತರದಲ್ಲಿ.

ಇನ್ನು ಹಿತ್ತಲಿನ ಉಪಾಯಗಳು. ಮೊದಲನೆಯದು ಆಯಿಯ ಧೋತರ. ಬಟ್ಟೆಯೂ ಆಕಾಶಕ್ಕೆ ಶಾಖ ಸೂಸಿ ತಣ್ಣಗಾಗುತ್ತದೆ ನಿಜ; ಆದರೆ ಅದು ಗಾಳಿಯ ಉಷ್ಣತೆಯ ಸಮೀಪದಲ್ಲಿಯೇ ಉಳಿಯುವುದರಿಂದ, ಬರಿಯ ಆಕಾಶ ಕೊಡುವುದಕ್ಕಿಂತ ಬಹಳ ಹೆಚ್ಚು ಕಿರಣಗಳನ್ನು ಎಲೆಗೆ ಕೊಡುತ್ತದೆ. ಎಲೆ ಕಾಣುವುದು ಬಟ್ಟೆಯನ್ನು, ಅಂತರಿಕ್ಷವನ್ನಲ್ಲ. ಬಟ್ಟೆ ಎಲೆಗೆ ತಾಗಬಾರದು. ತಾಗಿದ ಕಡೆ ಎಲೆಯ ಶಾಖ ನೇರವಾಗಿ ಬಟ್ಟೆಗೆ ಹರಿಯುತ್ತದೆ. ನಾಲ್ಕು ಕಡ್ಡಿ ನೆಟ್ಟು ಅದರ ಮೇಲೆ ಹಾಕಿ, ಅಂಚುಗಳನ್ನು ನೆಲದವರೆಗೆ ಇಳಿಬಿಟ್ಟರೆ ಮಣ್ಣಿನಿಂದ ಮೇಲೇಳುವ ಶಾಖವೂ ಒಳಗೆ ಉಳಿಯುತ್ತದೆ. ಸಣ್ಣ ಸಸಿಗೆ ಬೋರಲು ಹಾಕಿದ ಬಿದಿರಿನ ಬುಟ್ಟಿ ಸಾಕು. ಬಿಸಿಲೇರಿದೊಡನೆ ತೆಗೆಯಬೇಕು, ಇಲ್ಲವಾದರೆ ಮಣ್ಣು ಮರುರಾತ್ರಿಗೆ ಬೇಕಾದ ಶಾಖವನ್ನು ಸಂಗ್ರಹಿಸಲಾರದು.

ಧೋತರಕ್ಕೆ ಬದಲಾಗಿ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುವವರುಂಟು. ಅದು ಗಾಳಿಯನ್ನು ತಡೆಯುತ್ತದೆ, ಆದ್ದರಿಂದ ಹೆಚ್ಚು ಬೆಚ್ಚಗಿರಬೇಕೆಂಬುದು ಅವರ ತರ್ಕ. ತೆಳುವಾದ ತಿಳಿ ಪಾಲಿಥೀನ್ ಹಾಳೆಯ ಮೂಲಕ ಶಾಖಕಿರಣಗಳು ಬಹುಮಟ್ಟಿಗೆ ಪಾರಾಗಿ ಹೋಗುತ್ತವೆ. ಅದರ ಒಳಮೈಗೆ ನೀರಿನ ಹನಿಗಳು ಕಟ್ಟಿಕೊಂಡರೆ ಆ ಹನಿಗಳು ಕಿರಣಗಳನ್ನು ತಡೆದು ಸ್ವಲ್ಪ ಸಹಾಯ ಮಾಡಿಯಾವು. ಒಣರಾತ್ರಿಯಲ್ಲಿ ಅದೂ ಇಲ್ಲ. ಇಂಥ ಹಾಳೆಗಿಂತ ಹರಿದ ಧೋತರ ಮೇಲು.

ಎರಡನೆಯದು ನೀರಿನ ಕೊಡ. ನೀರಿನಷ್ಟು ಶಾಖವನ್ನು ಹಿಡಿದಿಡುವ ಸಾಮಾನ್ಯ ವಸ್ತು ಮನೆಯಲ್ಲಿ ಬೇರೊಂದಿಲ್ಲ. 15 ಲೀಟರ್ ಹಿಡಿಯುವ ಕೊಡವನ್ನು ಹಗಲು ಬಿಸಿಲಿನಲ್ಲಿಟ್ಟು, ಸಂಜೆ ಹೊದಿಕೆಯ ಒಳಗೆ ಗಿಡದ ಪಕ್ಕಕ್ಕೆ ಇರಿಸಿರೆಂದುಕೊಳ್ಳೋಣ. ರಾತ್ರಿಯಲ್ಲಿ ಅದು 25 ಡಿಗ್ರಿಯಿಂದ 15ಕ್ಕೆ ಇಳಿದರೆ 630 ಕಿಲೋಜೂಲ್ ಶಾಖವನ್ನು ಬಿಡುತ್ತದೆ. ಹತ್ತು ಗಂಟೆಗಳಿಗೆ ಹಂಚಿದರೆ ಹದಿನೇಳೂವರೆ ವ್ಯಾಟ್. ರಾತ್ರಿಯಿಡೀ ಒಂದು ಸಣ್ಣ ತಂತಿಯ ದೀಪವನ್ನು ಗಿಡದ ಬಳಿ ಉರಿಸಿದಂತಾಯಿತು, ಅದೂ ಬಿಟ್ಟಿಯಾಗಿ.

ಗೋಡೆಯೂ ಇದೇ ಕೆಲಸವನ್ನು ಮಾಡುತ್ತದೆ. ನಮ್ಮ ಜಿಲ್ಲೆಯಲ್ಲಿ ಶಹಾಬಾದಿನ ಕಲ್ಲಿಗೆ ಕೊರತೆಯಿಲ್ಲ. ಗಾಣಗಾಪುರವಿರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ದಕ್ಷಿಣ ದಿಕ್ಕಿನಲ್ಲಿ 49 ಡಿಗ್ರಿ ಎತ್ತರಕ್ಕೆ ಮಾತ್ರ ಏರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಮುಖಮಾಡಿದ ಕಲ್ಲುಗೋಡೆಗೆ ದಿನವೆಲ್ಲ ಬಿಸಿಲು ಬೀಳುತ್ತದೆ. ಬೇಸಗೆಯ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆ ಅಥವಾ ತುಸು ಉತ್ತರಕ್ಕೆ ಇರುವುದರಿಂದ ಅದೇ ಗೋಡೆ ಕಾಯುವುದಿಲ್ಲ. ಆ ಗೋಡೆಯ ಬುಡ ಗಿಡಕ್ಕೆ ಎರಡು ಬಗೆಯಲ್ಲಿ ಲಾಭಕರ: ಗೋಡೆ ರಾತ್ರಿ ಶಾಖ ಕೊಡುತ್ತದೆ, ಆಕಾಶದ ಅರ್ಧ ಭಾಗವನ್ನು ಮರೆಮಾಡುತ್ತದೆ. ಮೇಲೆ ಚಾಚು ಇದ್ದರಂತೂ ಸರಿಯೇ. ಆದರೆ ನಾಲ್ಕೂ ಕಡೆ ಗೋಡೆಯಿರುವ ತಗ್ಗಿನ ಅಂಗಳ ಬೇರೆ ಮಾತು. ತಣ್ಣನೆಯ ಗಾಳಿ ಭಾರವಾದುದು. ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನದಿಯ ದಂಡೆ ಊರಿಗಿಂತ ತಣ್ಣಗಿರುವುದಕ್ಕೆ ಇದೊಂದು ಕಾರಣ. ಅಂಗಳದ ತಗ್ಗಿನ ಬದಿಯ ಬಾಗಿಲನ್ನು ತೆರೆದಿಟ್ಟರೆ ಆ ಗಾಳಿ ಹೊರಗೆ ಹರಿದುಹೋಗುತ್ತದೆ.

ನೀರೆರೆಯುವ ಹೊತ್ತಿನ ಬಗ್ಗೆ ವಾದಗಳಿವೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಶಾಖವನ್ನು ಚೆನ್ನಾಗಿ ಕೆಳಕ್ಕೆ ಒಯ್ದು, ರಾತ್ರಿ ಚೆನ್ನಾಗಿ ಮೇಲಕ್ಕೆ ತರುತ್ತದೆ. ಇದನ್ನು ಓದಿ ಸಂಜೆ ನೀರು ಹಾಕುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಬಿಸಿಲೇರಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ, ಮಿತವಾಗಿ ಹಾಕುವುದು ಲೇಸು. ಮಣ್ಣು ಒದ್ದೆಯಾಗಿಯೇ ಹಗಲಿನ ಶಾಖವನ್ನು ಹೀರಿಕೊಳ್ಳುತ್ತದೆ, ಎಲೆ ಒಣಗಿರುತ್ತದೆ. ಬೆಳಗಿನ ಪೂಜೆಗೆ ತುಳಸಿಗೆ ನೀರು ಹಾಕಲೇಬೇಕೆಂದಿದ್ದರೆ ಮಾಳಿಗೆಯ ತೊಟ್ಟಿಯ ನೀರಿಗಿಂತ ಬಾವಿಯಿಂದ ಆಗ ಸೇದಿದ ನೀರು ಒಳ್ಳೆಯದು. ತೊಟ್ಟಿ ರಾತ್ರಿಯೆಲ್ಲ ಆಕಾಶವನ್ನು ನೋಡಿ ತಣ್ಣಗಾಗಿರುತ್ತದೆ; ನೆಲದ ಆಳದ ನೀರಾದರೋ ವರ್ಷದ ಸರಾಸರಿ ಉಷ್ಣತೆಯ ಹತ್ತಿರದಲ್ಲಿಯೇ ಇದ್ದು ಚಳಿಗಾಲದಲ್ಲಿ ಕೈಗೆ ಬೆಚ್ಚಗೆನಿಸುತ್ತದೆ.

ನಮ್ಮವರು ಹಲವರು ಕೆನಡದ ಟೊರೊಂಟೊದಲ್ಲಿ, ಅಮೆರಿಕದ ಮಿಷಿಗನ್ನಿನಲ್ಲಿ ನೆಲೆಸಿದ್ದಾರೆ. ಮನೆಯೊಳಗೆ ಕರಿಬೇವು, ತುಳಸಿ, ಮಲ್ಲಿಗೆಗಳನ್ನು ಕುಂಡದಲ್ಲಿ ಸಾಕಿಕೊಂಡಿದ್ದಾರೆ. ಅಲ್ಲಿ ಹೊರಗೆ ಹಿಮ, ಒಳಗೆ ಒಲೆಯ ಬೆಚ್ಚನೆ. ಬೆಳಕಿಗಾಗಿ ಕುಂಡವನ್ನು ಕಿಟಕಿಯ ಗಾಜಿಗೆ ಒತ್ತಿ ಇಟ್ಟರೆ ಎಲೆ ಉದುರುತ್ತದೆ. ಕೋಣೆ 20 ಡಿಗ್ರಿ ಇದ್ದರೂ ಉದುರುತ್ತದೆ. ಗಾಜು ಬೆಳಕಿಗೆ ಪಾರದರ್ಶಕ, ಶಾಖಕಿರಣಗಳಿಗೆ ಅಲ್ಲ. ಆದರೆ ಹೊರಗಿನ ಚಳಿಯಿಂದ ತಾನೇ ತಣ್ಣಗಾಗಿ, ಎಲೆಯ ಪಾಲಿಗೆ ತಣ್ಣನೆಯ ಆಕಾಶದಂತೆಯೇ ನಿಲ್ಲುತ್ತದೆ. ಸಂಜೆಯಾದೊಡನೆ ಗಿಡಕ್ಕೂ ಗಾಜಿಗೂ ನಡುವೆ ಪರದೆಯನ್ನು ಎಳೆದರೆ ಸಾಕು. ಗಾಣಗಾಪುರದ ಧೋತರವೇ ಅಲ್ಲಿ ಪರದೆಯಾಗಿದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ತಿಳಿರಾತ್ರಿಯಲ್ಲಿ ನೆಲದಿಂದ ಒಂದಡಿ ಎತ್ತರದಲ್ಲಿ, ಬುರುಡೆಗೆ ಒಂದೊಂದು ಹಸಿ ಎಲೆಯನ್ನು ಸುತ್ತಿ ಇರಿಸಿ. ಒಂದರ ಮೇಲೆ ಒಂದು ಗೇಣು ಅಂತರದಲ್ಲಿ ಕರವಸ್ತ್ರವನ್ನು ಬಿಗಿಯಿರಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಎದ್ದು ಓದಬೇಕು. ಕಷ್ಟವಿರುವುದು ಅಷ್ಟರಲ್ಲಿಯೇ.

ನನ್ನ ತುಳಸಿಯ ಸಂಗತಿ ಉಳಿಯಿತು. ಕಪ್ಪಾದ ಗಿಡವನ್ನು ಕಿತ್ತುಹಾಕಲು ಹೊರಟಾಗ ಆಯಿ ತಡೆದು, ಶಿವರಾತ್ರಿಯ ತನಕ ಕತ್ತರಿ ಹಾಕಬೇಡವೆಂದರು. ಚಳಿ ಮುಗಿಯುವ ಮೊದಲೇ ಸವರಿದರೆ ಗಿಡ ಅಕಾಲದಲ್ಲಿ ಚಿಗುರಿ, ಆ ಚಿಗುರೂ ಕರಿಕಾಗುವ ಸಂಭವವುಂಟು. ಸತ್ತ ರೆಂಬೆಗಳು ಕೂಡ ಕೆಳಗಿನ ಕಾಂಡಕ್ಕೆ ಆಕಾಶವನ್ನು ಅಷ್ಟಿಷ್ಟು ಮರೆಮಾಡುತ್ತವೆ. ನಾನು ಕುಂಡವನ್ನು ಮತ್ತೆ ಪಡಸಾಲೆಯ ಚಾಚಿನ ಕೆಳಗೆ ಇರಿಸಿದೆ. ಮಾಘದ ಕೊನೆಯಲ್ಲಿ ಮಣ್ಣಿನಿಂದ ಎರಡು ಬೆರಳು ಮೇಲೆ, ಒಣಗಿದ ಕಾಂಡದ ಒಂದು ಗಿಣ್ಣಿನಲ್ಲಿ ಎದುರುಬದುರಾಗಿ ಎರಡು ಹಸಿರು ಮೊಗ್ಗುಗಳು ಕಾಣಿಸಿಕೊಂಡವು.